ಅನುಮಾನದ ಎರಡು ಅರ್ಥ: ನೆರೆದೇಶದ ಜಲಾಂತರ್ಗಾಮಿಯನ್ನು ತೂಗಿ ನೋಡುವ ಬಗೆ

2017ರ ಜನವರಿ 9ರಂದು ಪಾಕಿಸ್ತಾನದ ಸೇನೆ ಒಂದು ಪ್ರಕಟಣೆ ಹೊರಡಿಸಿತು. ಹಿಂದೂ ಮಹಾಸಾಗರದ ಗುಪ್ತ ಸ್ಥಳವೊಂದರಲ್ಲಿ, ನೀರಿನಡಿ ಚಲಿಸುವ ನೆಲೆಯೊಂದರಿಂದ ‘ಬಾಬರ್-3’ ಎಂಬ ಕ್ರೂಸ್ ಕ್ಷಿಪಣಿಯನ್ನು ಹಾರಿಸಲಾಯಿತು. ಅದರ ವ್ಯಾಪ್ತಿ 450 ಕಿ.ಮೀ.; ಅದು ಗುರಿಯನ್ನು ಕರಾರುವಾಕ್ಕಾಗಿ ಮುಟ್ಟಿತು ಎಂಬುದು ಪ್ರಕಟಣೆಯ ಸಾರ. ಜತೆಗೆ ಒಂದು ಚಿಕ್ಕ ವಿಡಿಯೊ ಇತ್ತು: ನೀರನ್ನು ಸೀಳಿ ಮೇಲೇಳುವ ಕ್ಷಿಪಣಿ, ಆಮೇಲೆ ಅದರ ಹಾರಾಟ, ಕೊನೆಗೆ ಸ್ಫೋಟ. ಒಂದೆರಡು ದಿನಗಳಲ್ಲೇ ಭಾರತದ ಪತ್ರಿಕೆಗಳಲ್ಲಿ ಮರುಮಾತು ಬಂತು. ಆ ದೃಶ್ಯಗಳು ಕಂಪ್ಯೂಟರಿನಲ್ಲಿ ರಚಿಸಿದವು, ಇಡೀ ಪರೀಕ್ಷೆಯೇ ಸುಳ್ಳಿರಬಹುದು ಎಂದು ನೌಕಾಪಡೆಯ ಮೂಲಗಳೂ ಉಪಗ್ರಹ ಚಿತ್ರಗಳನ್ನು ಓದಬಲ್ಲ ನಿವೃತ್ತ ಅಧಿಕಾರಿಗಳೂ ಹೇಳಿದರು. 2018ರ ಮಾರ್ಚ್ 29ರಂದು ಪಾಕಿಸ್ತಾನ ಅದೇ ಕ್ಷಿಪಣಿಯ ಎರಡನೆಯ ಪರೀಕ್ಷೆ ನಡೆಸಿದ್ದಾಗಿ ಹೇಳಿಕೊಂಡಿತು. ಅನುಮಾನ ಆಗಲೂ ಪೂರ್ತಿ ಕರಗಲಿಲ್ಲ.

ಸಮುದ್ರದ ಸುದ್ದಿ ಬೆಂಗಳೂರಿಗೆ ದೂರದ್ದು ಎನ್ನಿಸಬಹುದು. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟರೆ ಹಾಗೆನ್ನಿಸುವುದಿಲ್ಲ. ಮಂಗಳೂರಿನ ಕಡಲತಡಿಯಿಂದ ರಾಜಾಜಿನಗರಕ್ಕೆ ನೇರ ದೂರ ಸುಮಾರು 300 ಕಿ.ಮೀ., ಕಾರವಾರದಿಂದ 420 ಕಿ.ಮೀ. ಆಸುಪಾಸು. ಘಟ್ಟದ ತಿರುವುಗಳನ್ನು ಬಳಸಿ ಬರುವ ಬಸ್ಸಿನ ಲೆಕ್ಕ ಬೇರೆ, ಹಾರಿ ಬರುವ ವಸ್ತುವಿನ ಲೆಕ್ಕ ಬೇರೆ. ಪ್ರಕಟಣೆಯ ಮಾತು ನಿಜವಾಗಿದ್ದರೆ, ಮಂಗಳೂರಿನಿಂದ 150 ಕಿ.ಮೀ. ಆಚೆ ನೀರಿನಲ್ಲಿ ಮುಳುಗಿ ನಿಂತ ಜಲಾಂತರ್ಗಾಮಿಗೆ ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳು ಎಟಕುವ ದೂರದಲ್ಲಿವೆ. ಸುಳ್ಳಾಗಿದ್ದರೆ ಎಟಕುವುದಿಲ್ಲ. ಹಾಗಾಗಿ ಆ ಅನುಮಾನ ಸರಿಯೋ ತಪ್ಪೋ ಎಂಬುದು ಈ ಬಡಾವಣೆಗಳ ಜನರಿಗೂ ಸಂಬಂಧಪಟ್ಟ ಪ್ರಶ್ನೆ.

ಅನುಮಾನ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಬದುಕುಗಳಿವೆ. ಮನೆಮಾತಿನಲ್ಲಿ ಅನುಮಾನವೆಂದರೆ ಸಂದೇಹ, ನಂಬಿಕೆ ಸಾಲದಿರುವುದು. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಕಂಡದ್ದನ್ನು ಹಿಡಿದು ಕಾಣದ್ದನ್ನು ತಿಳಿಯುವ ಒಂದು ಪ್ರಮಾಣ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಅರಿಯುವುದು. ನೈಯಾಯಿಕರು ಅದರ ಜತೆಗೇ ಒಂದು ಎಚ್ಚರವನ್ನೂ ಇಟ್ಟಿದ್ದಾರೆ: ಮಂಜನ್ನು ಹೊಗೆ ಎಂದು ಭ್ರಮಿಸಿದವನ ಅನುಮಾನ ಕೆಡುತ್ತದೆ. ಎದುರಾಳಿಯ ಹೊಸ ಅಸ್ತ್ರದ ಸುದ್ದಿ ಬಂದಾಗ ಮೊದಲು ಹುಟ್ಟುವುದು ಮನೆಮಾತಿನ ಅನುಮಾನ. ಅದು ಸಹಜ, ಬೇಕಾದದ್ದೂ ಹೌದು. ಆದರೆ ಅದು ಶಾಸ್ತ್ರದ ಅನುಮಾನವಾಗಿ ಬೆಳೆಯದೆ ಅಲ್ಲೇ ನಿಂತರೆ ಅಪಾಯ. ‘ಅವರಿಂದ ಇದು ಸಾಧ್ಯವಿಲ್ಲ’ ಎಂಬುದು ಎದುರಾಳಿಯ ಮೇಲೆ ಕೊಟ್ಟ ತೀರ್ಪು. ‘ಇದು ಆಗಬೇಕಾದರೆ ಏನೇನು ಇರಬೇಕು, ಅದರಲ್ಲಿ ಏನೇನು ಕಾಣುತ್ತಿದೆ’ ಎಂಬುದು ವಿಚಾರಣೆ. ನೌಕಾಯುದ್ಧದ ಚರಿತ್ರೆಯಲ್ಲಿ ಈ ಎರಡನ್ನು ಬೆರೆಸಿಕೊಂಡವರು ತೆತ್ತ ಬೆಲೆ ಬಹಳ ದೊಡ್ಡದು.

ವಿಡಿಯೊ ಸುಳ್ಳಾದ ಮಾತ್ರಕ್ಕೆ ಅಸ್ತ್ರ ಸುಳ್ಳಾಗುವುದಿಲ್ಲ ಎಂಬುದಕ್ಕೆ ಉತ್ತರ ಕೊರಿಯಾ ಸ್ಪಷ್ಟ ನಿದರ್ಶನ. 2015ರ ಮೇ ತಿಂಗಳಲ್ಲಿ ಆ ದೇಶ ಜಲಾಂತರ್ಗಾಮಿಯಿಂದ ಕ್ಷಿಪಣಿ ಹಾರಿಸಿದೆನೆಂದು ಚಿತ್ರಗಳನ್ನು ಬಿಡುಗಡೆ ಮಾಡಿತು. ಚಿತ್ರಗಳನ್ನು ತಿದ್ದಲಾಗಿದೆ ಎಂದು ಜರ್ಮನಿಯ ಕ್ಷಿಪಣಿ ತಜ್ಞರು ತೋರಿಸಿದರು. ಹಾರಿಸಿದ್ದು ಜಲಾಂತರ್ಗಾಮಿಯಿಂದಲ್ಲ, ನೀರಿನಲ್ಲಿ ಮುಳುಗಿಸಿಟ್ಟ ದೋಣಿಯಂಥ ವೇದಿಕೆಯಿಂದ ಎಂಬ ವಾದವೂ ಬಂತು. 2016ರ ಜನವರಿಯಲ್ಲಿ ತೋರಿಸಿದ ವಿಡಿಯೊದಲ್ಲಿ ಹಳೆಯ ಸ್ಕಡ್ ಕ್ಷಿಪಣಿಯ ಹಾರಾಟದ ತುಣುಕನ್ನು ಅಂಟಿಸಿದ್ದು ಕೂಡ ಪತ್ತೆಯಾಯಿತು. ಪತ್ತೆಹಚ್ಚಿದವರ ಮಾತು ಸರಿಯಾಗಿತ್ತು. ಆದರೆ ಅದೇ 2016ರ ಆಗಸ್ಟ್ 24ರಂದು ಸಮುದ್ರದಡಿಯಿಂದ ಹಾರಿದ ಅದೇ ಬಗೆಯ ಕ್ಷಿಪಣಿ ಸುಮಾರು 500 ಕಿ.ಮೀ. ದೂರ ಸಾಗಿ ಜಪಾನ್ ಕಡೆಯ ಕಡಲಿಗೆ ಬಿತ್ತು. ಈ ಬಾರಿ ಅಳತೆ ಮಾಡಿದ್ದು ದಕ್ಷಿಣ ಕೊರಿಯಾ, ಅಮೆರಿಕಗಳ ರೇಡಾರುಗಳು. ಚಿತ್ರದ ಮೇಲಿನ ಸಂದೇಹ ಗೆದ್ದಿತ್ತು. ಆ ಗೆಲುವನ್ನೇ ನೆಚ್ಚಿ, ಅಸ್ತ್ರವೇ ಇಲ್ಲವೆಂದುಕೊಂಡವರು ಹದಿನೈದು ತಿಂಗಳಲ್ಲಿ ಸೋತರು.

ಬಾಬರ್-3ರ ವಿಷಯದಲ್ಲೂ ಕೇಳಬೇಕಾದ ಮುಖ್ಯ ಪ್ರಶ್ನೆ ವಿಡಿಯೊದ್ದಲ್ಲ. ‘ನೀರಿನಡಿ ಚಲಿಸುವ ನೆಲೆ’ ಎಂಬ ಪ್ರಕಟಣೆಯ ಮಾತು, ಹಾರಿಸಿದ್ದು ಜಲಾಂತರ್ಗಾಮಿಯಿಂದಲೇ ಎಂದು ನೇರವಾಗಿ ಹೇಳುವುದಿಲ್ಲ. ಮುಳುಗಿಸಿಟ್ಟ ಪಾಂಟೂನಿನಿಂದ, ಅಂದರೆ ದೋಣಿಯಂಥ ವೇದಿಕೆಯಿಂದ, ಕ್ಷಿಪಣಿ ಚಿಮ್ಮುವುದಕ್ಕೂ, ಜಲಾಂತರ್ಗಾಮಿಯ 533 ಮಿಲಿಮೀಟರ್ ವ್ಯಾಸದ ಟಾರ್ಪೆಡೊ ಕೊಳವೆಯಿಂದ ಸಿಬ್ಬಂದಿಯೇ ಅದನ್ನು ಹಾರಿಸುವುದಕ್ಕೂ ನಡುವೆ ಹಲವು ವರ್ಷಗಳ ಕೆಲಸವಿದೆ. ಇದು ಭಾರತಕ್ಕೆ ಸ್ವಂತ ಅನುಭವದಿಂದಲೇ ಗೊತ್ತು. 2008ರ ಫೆಬ್ರವರಿ 26ರಂದು ವಿಶಾಖಪಟ್ಟಣದ ಬಳಿ ಕೆ-15 ಕ್ಷಿಪಣಿ ಚಿಮ್ಮಿದ್ದು ಪಾಂಟೂನಿನಿಂದಲೇ. ಐಎನ್‌ಎಸ್ ಅರಿಹಂತ್ ಬಂಗಾಳ ಕೊಲ್ಲಿಯಲ್ಲಿ ಕ್ಷಿಪಣಿ ಹಾರಿಸಿತೆಂದು ರಕ್ಷಣಾ ಸಚಿವಾಲಯ ಬಹಿರಂಗವಾಗಿ ಪ್ರಕಟಿಸಿದ್ದು 2022ರ ಅಕ್ಟೋಬರ್ 14ರಂದು. ಪಾಂಟೂನಿನ ಹಂತ ಮೋಸವಲ್ಲ, ಅದು ಮೆಟ್ಟಿಲು. ಎದುರಾಳಿ ಯಾವ ಮೆಟ್ಟಿಲಿನ ಮೇಲೆ ನಿಂತಿದ್ದಾನೆ ಎಂದು ಗುರುತಿಸಬೇಕೇ ಹೊರತು, ಅವನು ಕೊನೆಯ ಮೆಟ್ಟಿಲಲ್ಲಿಲ್ಲ ಎಂಬ ಕಾರಣಕ್ಕೆ ಮೆಟ್ಟಿಲೇ ಇಲ್ಲ ಎನ್ನಬಾರದು.

ನೀರಿನಡಿಯ ಅಸ್ತ್ರಗಳ ಬಗ್ಗೆ ಇಷ್ಟೊಂದು ಹೇಳಿಕೆ, ಇಷ್ಟೊಂದು ಅಪನಂಬಿಕೆ ಹುಟ್ಟುವುದಕ್ಕೆ ಮೂಲ ಕಾರಣ ನೀರೇ. ರೇಡಾರಿನ ಅಲೆಗಳು ಅದರೊಳಗೆ ಹೋಗುವುದಿಲ್ಲ, ಬೆಳಕು ಬೇಗ ಸೋಲುತ್ತದೆ. ಉಳಿಯುವುದು ಶಬ್ದ. ಅದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ನೇರವಾಗಿ ಓಡುವುದಿಲ್ಲ. ನೀರಿನ ಉಷ್ಣತೆ, ಉಪ್ಪು, ಒತ್ತಡಗಳು ಬದಲಾದಂತೆ ಶಬ್ದದ ದಾರಿ ಬಾಗುತ್ತದೆ. ಬಿಸಿಲಿಗೆ ಕಾದ ಮೇಲ್ಪದರದ ಕೆಳಗೆ ತಣ್ಣನೆಯ ಪದರವಿದ್ದರೆ, ಹಡಗು ಕಳಿಸಿದ ಸೋನಾರ್ ಧ್ವನಿ ಕೆಳಕ್ಕೆ ಬಾಗಿ, ಆ ಪದರದಡಿ ಅಡಗಿದ ಜಲಾಂತರ್ಗಾಮಿಯನ್ನು ತಪ್ಪಿಸಿಕೊಂಡು ಹೋಗಬಹುದು. ಬೆಳಿಗ್ಗೆ ಚೆನ್ನಾಗಿ ಕೇಳಿಸುತ್ತಿದ್ದ ಸೋನಾರ್ ಮಧ್ಯಾಹ್ನದ ಹೊತ್ತಿಗೆ ಕಿವುಡಾಗುವುದನ್ನು ಅಮೆರಿಕದ ನೌಕಾಪಡೆ ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಗಮನಿಸಿತ್ತು. ಅರಬ್ಬಿ ಸಮುದ್ರದ ಕರಾವಳಿಯಲ್ಲಿ ಮಳೆಗಾಲ ಇನ್ನೊಂದು ತೊಡಕು ತರುತ್ತದೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ತಂದು ಸುರಿಯುವ ಸಿಹಿನೀರು. ಇಂಥ ನೀರಿನಲ್ಲಿ ಯಾವ ಸೋನಾರಿನ ವ್ಯಾಪ್ತಿಯನ್ನೂ ಒಂದೇ ಸಂಖ್ಯೆಯಲ್ಲಿ ಹೇಳುವಂತಿಲ್ಲ. ಮಾರಾಟದ ಪುಸ್ತಿಕೆಯಲ್ಲಿ ಹಾಗೊಂದು ಸಂಖ್ಯೆ ಕಂಡರೆ, ಅದು ಯಾವ ಕಡಲು, ಯಾವ ತಿಂಗಳು, ಯಾವ ಹೊತ್ತು ಎಂದು ಮೊದಲು ಕೇಳಬೇಕು.

ವೇಗದ ಹೇಳಿಕೆಗಳನ್ನು ಒರೆಗೆ ಹಚ್ಚುವುದು ಇದಕ್ಕಿಂತ ಸುಲಭ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಮುಳುಗಿ ಚಲಿಸುವ ವಸ್ತುವಿನ ವೇಗ ಎರಡು ಪಟ್ಟಾಗಬೇಕಾದರೆ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟಾಗಬೇಕು. ಈ ಗೋಡೆಯನ್ನು ದಾಟುವ ಒಂದು ಉಪಾಯವನ್ನು ಸೋವಿಯತ್ ಒಕ್ಕೂಟ ಹುಡುಕಿತು. 1970ರ ದಶಕದಲ್ಲಿ ಸೇವೆಗೆ ಬಂದ ‘ಶ್ಕ್ವಾಲ್’ ಟಾರ್ಪೆಡೊ ತನ್ನ ಮೂತಿಯಿಂದ ಅನಿಲ ಉಗುಳಿ ಮೈಸುತ್ತ ಒಂದು ಗುಳ್ಳೆ ಕಟ್ಟಿಕೊಳ್ಳುತ್ತದೆ. ಆ ಗುಳ್ಳೆಯೊಳಗೆ ರಾಕೆಟ್ ಎಂಜಿನ್ನಿನ ಬಲದಿಂದ ಗಂಟೆಗೆ ಸುಮಾರು 370 ಕಿ.ಮೀ. ವೇಗದಲ್ಲಿ ನುಗ್ಗುತ್ತದೆ. ಮಾಮೂಲಿ ಟಾರ್ಪೆಡೊಗಳ ವೇಗ ಗಂಟೆಗೆ 75ರಿಂದ 110 ಕಿ.ಮೀ. 2006ರ ಏಪ್ರಿಲಿನಲ್ಲಿ ಇರಾನ್ ‘ಹೂತ್’ ಎಂಬ ಹೆಸರಿನಲ್ಲಿ ಇಂಥದೇ ಟಾರ್ಪೆಡೊ ಪರೀಕ್ಷಿಸಿದ್ದಾಗಿ ಸಾರಿತು. ಇಲ್ಲಿ ವೇಗ ಅಸಾಧ್ಯವೇನಲ್ಲ, ಹಾಗಾಗಿ ಸಂದೇಹವನ್ನು ವೇಗದ ಮೇಲೆ ಇಟ್ಟು ಪ್ರಯೋಜನವಿಲ್ಲ. ಗುಳ್ಳೆಯೊಳಗೆ ಕುಳಿತ ಟಾರ್ಪೆಡೊಗೆ ಹೊರಗಿನ ಶಬ್ದ ಕೇಳಿಸುವುದಿಲ್ಲ, ರಾಕೆಟ್ಟಿನ ಅಬ್ಬರ ಬೇರೆ. ಅಂದರೆ ಅದು ಓಡುವ ಹಡಗನ್ನು ತಾನಾಗಿ ಹುಡುಕಿಕೊಂಡು ಹೋಗಲಾರದು. ಅದರ ವ್ಯಾಪ್ತಿಯೂ ಹತ್ತು ಕಿ.ಮೀ. ಸುತ್ತಮುತ್ತಲಷ್ಟೇ, ಹಾರಿಸುವವನು ಅಷ್ಟು ಹತ್ತಿರ ಬರಲೇಬೇಕು, ಹಾರಿಸಿದ ಕೂಡಲೇ ತಾನಿರುವ ಜಾಗವನ್ನು ಬಿಟ್ಟುಕೊಡಬೇಕು. 2014ರಲ್ಲಿ ಚೀನಾದ ಹಾರ್ಬಿನ್‌ನ ಸಂಶೋಧಕರ ಕೆಲಸವನ್ನು ಆಧರಿಸಿ, ಶಾಂಘೈಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ನೂರು ನಿಮಿಷದಲ್ಲಿ ಮುಟ್ಟುವ ಜಲಾಂತರ್ಗಾಮಿಯ ವರದಿ ಜಗತ್ತಿನ ತುಂಬ ಹರಡಿತ್ತು. ಸುಮಾರು 10,000 ಕಿ.ಮೀ. ದೂರವನ್ನು ನೂರು ನಿಮಿಷಕ್ಕೆ ಭಾಗಿಸಿದರೆ ಗಂಟೆಗೆ 6,000 ಕಿ.ಮೀ.; ನೀರಿನಲ್ಲಿ ಶಬ್ದದ ವೇಗಕ್ಕಿಂತಲೂ ಹೆಚ್ಚು. ಪ್ರೌಢಶಾಲೆಯ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಅಂಚಿನಲ್ಲಿ ಮಾಡಬಹುದಾದ ಈ ಭಾಗಾಕಾರವನ್ನು ಎಷ್ಟೋ ಸುದ್ದಿಮನೆಗಳು ಮಾಡಲಿಲ್ಲ.

ಆದರೆ ಅತಿಯಾಗಿ ನಂಬಿ ಕೆಟ್ಟವರಿಗಿಂತ, ನಂಬದೆ ಕೆಟ್ಟವರ ಕಥೆ ಹೆಚ್ಚು ಕಲಿಸುತ್ತದೆ. 1930ರ ದಶಕದಲ್ಲಿ ಜಪಾನ್ ‘93ನೇ ಮಾದರಿ’ ಎಂಬ ಟಾರ್ಪೆಡೊ ತಯಾರಿಸಿತು. ಆ ಕಾಲದ ಬೇರೆ ಟಾರ್ಪೆಡೊಗಳು ಒತ್ತಿ ತುಂಬಿದ ಗಾಳಿಯಲ್ಲಿ ಇಂಧನ ಉರಿಸುತ್ತಿದ್ದವು. ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಮೀರಿ ಇರುವ ಸಾರಜನಕ ಉರಿಗೆ ಬಾರದೆ ಗುಳ್ಳೆಯಾಗಿ ಹೊರಬಿದ್ದು, ನೀರಿನ ಮೇಲೆ ಬಿಳಿಯ ಜಾಡು ಬಿಡುತ್ತಿತ್ತು. ಜಪಾನೀಯರು ಬರಿಯ ಆಮ್ಲಜನಕವನ್ನೇ ತುಂಬಿದರು. ಅದು ಸ್ಫೋಟದ ಅಪಾಯವಿರುವ ಕೆಲಸ. ಮೊದಲು ಗಾಳಿಯಲ್ಲಿ ಎಂಜಿನ್ ಹೊತ್ತಿಸಿ, ನಿಧಾನವಾಗಿ ಆಮ್ಲಜನಕಕ್ಕೆ ತಿರುಗಿಸುವ ಹದ ಕಂಡುಕೊಂಡರು. ಫಲವಾಗಿ 490 ಕಿಲೊ ಸಿಡಿತಲೆ ಹೊತ್ತ ಟಾರ್ಪೆಡೊ ಸುಮಾರು 48 ನಾಟ್ ವೇಗದಲ್ಲಿ 20 ಕಿ.ಮೀ., ವೇಗ ತಗ್ಗಿಸಿದರೆ 40 ಕಿ.ಮೀ.ವರೆಗೆ ಓಡಬಲ್ಲದಾಯಿತು. ಅಮೆರಿಕದ ಡೆಸ್ಟ್ರಾಯರ್ ಹಡಗುಗಳ ಟಾರ್ಪೆಡೊ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಐದಾರು ಕಿ.ಮೀ. ಮಾತ್ರ ಹೋಗುತ್ತಿತ್ತು. ಯುದ್ಧಕ್ಕೆ ಮುಂಚೆಯೇ ಟೋಕಿಯೊದಲ್ಲಿದ್ದ ಅಮೆರಿಕದ ನೌಕಾ ಪ್ರತಿನಿಧಿಗೆ ಈ ಸುಳಿವು ಸಿಕ್ಕಿತ್ತು; ಅವರು ವರದಿ ಕಳಿಸಿದರು. ವಾಷಿಂಗ್ಟನ್ನಿನ ಶಸ್ತ್ರಾಸ್ತ್ರ ವಿಭಾಗದ ತಜ್ಞರು ಅದನ್ನು ತಳ್ಳಿಹಾಕಿದರು. ಬ್ರಿಟಿಷರು ಆಮ್ಲಜನಕ ಪ್ರಯತ್ನಿಸಿ ಕೈಬಿಟ್ಟಿದ್ದರು, ಅಮೆರಿಕನ್ನರಿಗೆ ಆಗಿರಲಿಲ್ಲ. ಅಂದ ಮೇಲೆ ಜಪಾನೀಯರಿಗೆ ಹೇಗಾದೀತು ಎಂಬುದು ಅವರ ತರ್ಕ.

1942ರ ಫೆಬ್ರವರಿ 27ರಂದು ಜಾವಾ ಸಮುದ್ರದಲ್ಲಿ ಡಚ್ಚರ ಎರಡು ಕ್ರೂಸರುಗಳು ಈ ಟಾರ್ಪೆಡೊಗಳಿಂದ ಮುಳುಗಿದವು. ಜಪಾನೀ ಹಡಗುಗಳು ಅಷ್ಟು ದೂರದಲ್ಲಿದ್ದುದರಿಂದ, ಹತ್ತಿರದಲ್ಲೇ ಜಲಾಂತರ್ಗಾಮಿ ಇರಬೇಕು ಇಲ್ಲವೆ ನೀರಿನಲ್ಲಿ ಮೈನ್ ಬಿತ್ತಿರಬೇಕು ಎಂದು ಮಿತ್ರಪಕ್ಷದವರು ಊಹಿಸಿದರು. ಅದೇ ವರ್ಷದ ನವೆಂಬರ್ 30ರ ರಾತ್ರಿ ಗ್ವಾಡಲ್‌ಕನಾಲ್ ಬಳಿಯ ತಸಫರೋಂಗದಲ್ಲಿ ಅಮೆರಿಕದ ಒಂದು ಕ್ರೂಸರ್ ಮುಳುಗಿ, ಮೂರು ಕ್ರೂಸರುಗಳು ನಜ್ಜುಗುಜ್ಜಾದವು. ಆಗಲೂ ಅಮೆರಿಕದ ದಂಡನಾಯಕರ ವರದಿ ಜಲಾಂತರ್ಗಾಮಿಗಳತ್ತ ಬೆರಳು ತೋರಿತು. ಶತ್ರುವಿನ ಟಾರ್ಪೆಡೊಗಳ ಓಟ ತಮ್ಮವುಗಳಂತೆಯೇ ಇರುತ್ತದೆ ಎಂಬುದೇ ಅವರ ಆಧಾರ. ಕಣ್ಣೆದುರು ಹಡಗು ಮುಳುಗುತ್ತಿದ್ದರೂ ಹಳೆಯ ನಂಬಿಕೆ ಮುಳುಗಲಿಲ್ಲ. ಮಂಜನ್ನು ಹೊಗೆ ಎನ್ನುವುದು ಒಂದು ತಪ್ಪಾದರೆ, ಹೊಗೆಯನ್ನು ಮಂಜೆಂದು ಹೇಳಿ ನೆಮ್ಮದಿಯಾಗಿರುವುದು ಇನ್ನೊಂದು.

ವಾಷಿಂಗ್ಟನ್ನಿನ ಅದೇ ಶಸ್ತ್ರಾಸ್ತ್ರ ವಿಭಾಗ ತನ್ನ ಸ್ವಂತ ಟಾರ್ಪೆಡೊವನ್ನು ಮಾತ್ರ ಕಣ್ಣುಮುಚ್ಚಿ ನಂಬಿತ್ತು. ಅಮೆರಿಕದ ಜಲಾಂತರ್ಗಾಮಿಗಳು ಒಯ್ದ ‘ಮಾರ್ಕ್ 14’ ಟಾರ್ಪೆಡೊ ದುಬಾರಿಯೆಂಬ ಕಾರಣಕ್ಕೆ ಅದನ್ನು ನಿಜವಾದ ಸಿಡಿತಲೆಯೊಂದಿಗೆ ಸರಿಯಾಗಿ ಪರೀಕ್ಷಿಸಿರಲಿಲ್ಲ. ಯುದ್ಧದಲ್ಲಿ ಅದು ಹೊಂದಿಸಿದ್ದಕ್ಕಿಂತ ಸುಮಾರು ಮೂರು ಮೀಟರ್ ಆಳದಲ್ಲಿ ಓಡಿ ಹಡಗಿನ ತಳದಡಿ ಹಾದುಹೋಗುತ್ತಿತ್ತು. ಕಾಂತಸೂಕ್ಷ್ಮ ಸಿಡಿಮೊಳೆ ಬೇಗನೆ ಸಿಡಿಯುತ್ತಿತ್ತು ಇಲ್ಲವೆ ಸಿಡಿಯುತ್ತಲೇ ಇರಲಿಲ್ಲ. ಬರಿಗೈಯಲ್ಲಿ ಮರಳಿದ ನಾವಿಕರಿಗೆ ಗುರಿ ಹಿಡಿಯಲು ಬರುವುದಿಲ್ಲ ಎಂಬ ಅಪವಾದ ಬಂತು. 1942ರ ಜೂನಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿಯಲ್ಲಿ ರಿಯರ್ ಅಡ್ಮಿರಲ್ ಚಾರ್ಲ್ಸ್ ಲಾಕ್‌ವುಡ್ ಅವರು ಮೀನುಬಲೆಯೊಂದನ್ನು ಕಟ್ಟಿಸಿ, ಅದಕ್ಕೆ ಟಾರ್ಪೆಡೊ ಹಾರಿಸಿ, ಬಲೆ ಎಷ್ಟು ಆಳದಲ್ಲಿ ಹರಿದಿದೆ ಎಂದು ಅಳೆದರು. ಆಳದ ದೋಷ ಬಯಲಾಯಿತು. 1943ರ ಜುಲೈ 24ರಂದು ‘ಟಿನೋಸಾ’ ಎಂಬ ಜಲಾಂತರ್ಗಾಮಿ ಜಪಾನಿನ ಒಂದೇ ತೈಲನೌಕೆಯ ಮೇಲೆ 15 ಟಾರ್ಪೆಡೊ ಹಾರಿಸಿತು. ಹನ್ನೊಂದು ಬಡಿದೂ ಸಿಡಿಯಲಿಲ್ಲ. ಕೊನೆಯದೊಂದನ್ನು ಹಾರಿಸದೆ ಪರೀಕ್ಷೆಗೆಂದು ಹಿಂದಕ್ಕೆ ತಂದರು. ಹವಾಯಿಯಲ್ಲಿ ಬಂಡೆಗೆ ಹಾರಿಸಿ, ಕ್ರೇನಿನಿಂದ ಉಕ್ಕಿನ ತಟ್ಟೆಯ ಮೇಲೆ ಕೆಡವಿ ನೋಡಿದಾಗ ತಿಳಿದದ್ದು ಇಷ್ಟು: ಹಡಗಿನ ಮೈಗೆ ನೇರ ಲಂಬವಾಗಿ, ಅಂದರೆ ಅತ್ಯುತ್ತಮ ಗುರಿಯಲ್ಲಿ ಬಡಿದಾಗಲೇ ಸಿಡಿಮೊಳೆ ಬಾಗಿ ಸುಮ್ಮನಾಗುತ್ತಿತ್ತು. ಯುದ್ಧಕ್ಕಿಳಿದು ಇಪ್ಪತ್ತೊಂದು ತಿಂಗಳಾದ ಮೇಲೆ ದೋಷ ತಿದ್ದುಪಡಿಯಾಯಿತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಆ ವಿಭಾಗ ಶತ್ರುವಿನ ಅಸ್ತ್ರಕ್ಕೆ ಬೇಕಾದ್ದಕ್ಕಿಂತ ಹೆಚ್ಚು, ತನ್ನ ಅಸ್ತ್ರಕ್ಕೆ ಬೇಕಾದ್ದಕ್ಕಿಂತ ತೀರ ಕಡಿಮೆ ಅನ್ವಯಿಸಿತ್ತು.

ಸಂದೇಹವನ್ನು ಬಿಡಿಬಿಡಿಯಾಗಿ ತೂಗಿದ್ದಕ್ಕೂ ಉದಾಹರಣೆಯಿದೆ. 1969ರಿಂದ ಲೆನಿನ್‌ಗ್ರಾಡಿನ ಸುದೊಮೆಖ್ ಹಡಗುಕಟ್ಟೆಯಲ್ಲಿ ಹೊಸ ಬಗೆಯ ಜಲಾಂತರ್ಗಾಮಿಯ ಭಾಗಗಳು ಅಮೆರಿಕದವರ ಕಣ್ಣಿಗೆ ಬಿದ್ದವು. ಅದರ ಮೈ ಟೈಟಾನಿಯಂ ಲೋಹದ್ದು ಎಂದು ಕೆಲವು ವಿಶ್ಲೇಷಕರು ವಾದಿಸಿದರು. ಅಷ್ಟು ದಪ್ಪ ಟೈಟಾನಿಯಂ ತಗಡುಗಳನ್ನು ಬಗ್ಗಿಸಿ ಬೆಸೆಯುವುದು ಹಡಗುಕಟ್ಟೆಯಲ್ಲಿ ಆಗದ ಕೆಲಸ ಎಂದು ಲೋಹತಜ್ಞರು ಒಪ್ಪಲಿಲ್ಲ; ಒಪ್ಪಿಗೆಗೆ ಸುಮಾರು ಹತ್ತು ವರ್ಷ ಹಿಡಿಯಿತು. ಮೈ ಟೈಟಾನಿಯಂನದೇ ಆಗಿತ್ತು, ವೇಗ 40 ನಾಟ್ ಮೀರಿತ್ತು. ಆದರೆ ಟೈಟಾನಿಯಂ ಇದೆಯೆಂದ ಮೇಲೆ ಅತಿ ಆಳಕ್ಕೂ ಇಳಿಯುತ್ತದೆ ಎಂದು ಊಹಿಸಿದ್ದು ತಪ್ಪಾಯಿತು. ಆ ದೋಣಿಯನ್ನು ಕಟ್ಟಿದ್ದು ವೇಗಕ್ಕಾಗಿ, ಹಗುರವಾಗಿ. ಅದು ಇಳಿಯುತ್ತಿದ್ದ ಆಳ ಸಾಧಾರಣದ್ದೇ. ಪಶ್ಚಿಮದಲ್ಲಿ ‘ಆಲ್ಫಾ’ ಎಂದು ಹೆಸರಾದ ಈ ಒಂದೇ ದೋಣಿಯ ವಿಷಯದಲ್ಲಿ ಲೋಹದ ಮೇಲಿನ ಸಂದೇಹ ಸೋತಿತು, ಆಳದ ಮೇಲೆ ಸಂದೇಹಪಡಬೇಕಿತ್ತು, ಪಡಲಿಲ್ಲ.

ಜಲಾಂತರ್ಗಾಮಿಯ ಮರ್ಮ ವೇಗಕ್ಕಿಂತ ಹೆಚ್ಚಾಗಿ ಮೌನದಲ್ಲಿದೆ, ಮೌನದ ಮರ್ಮ ವರ್ಕ್‌ಶಾಪಿನಲ್ಲಿದೆ. ಕಾಮಾಕ್ಷಿಪಾಳ್ಯದಲ್ಲಿ, ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಪೀಣ್ಯದಲ್ಲಿ ಲೇತು, ಮಿಲ್ಲಿಂಗ್ ಮೆಷಿನ್ನುಗಳ ಮುಂದೆ ನಿಂತು ಬದುಕು ಕಟ್ಟಿಕೊಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರೊಪೆಲ್ಲರಿನ ರೆಕ್ಕೆ ತಿರುಗುವಾಗ ಅದರ ಬೆನ್ನಿನ ಕಡೆ ಒತ್ತಡ ಕುಸಿದು, ನೀರು ತಣ್ಣಗಿದ್ದಂತೆಯೇ ಆವಿಯಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದಾಗ ಶಬ್ದ. ರೆಕ್ಕೆಯ ವಕ್ರತೆಯಲ್ಲಿ ಏರುಪೇರಿದ್ದಷ್ಟೂ ಗುಳ್ಳೆ ಬೇಗ ಏಳುತ್ತದೆ. ಏಳು ರೆಕ್ಕೆಯ, ಆಳೆತ್ತರವನ್ನೂ ಮೀರಿದ ಪ್ರೊಪೆಲ್ಲರನ್ನು ಎಲ್ಲ ದಿಕ್ಕಿನಿಂದ ಒಂದೇ ಹದದಲ್ಲಿ ಕೊರೆಯಲು ಒಟ್ಟೊಟ್ಟಿಗೆ ಹಲವು ಅಕ್ಷಗಳಲ್ಲಿ ಆಡುವ ಕಂಪ್ಯೂಟರ್ ನಿಯಂತ್ರಿತ ಯಂತ್ರ ಬೇಕು. 1980ರ ದಶಕದ ಆರಂಭದಲ್ಲಿ ಜಪಾನಿನ ತೋಷಿಬಾ ಮೆಷಿನ್ ಕಂಪನಿ ಇಂಥ ಒಂಬತ್ತು ಅಕ್ಷದ ಯಂತ್ರಗಳನ್ನು ನಿಷೇಧ ಮೀರಿ ಲೆನಿನ್‌ಗ್ರಾಡಿನ ಹಡಗುಕಟ್ಟೆಗೆ ಮಾರಿತ್ತು; ಅವುಗಳ ನಿಯಂತ್ರಕ ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯದು. 1987ರಲ್ಲಿ ಇದು ಬಯಲಾದಾಗ ಅಮೆರಿಕದ ಸಂಸದರು ಸಂಸತ್ ಭವನದ ಎದುರು ತೋಷಿಬಾ ರೇಡಿಯೊವನ್ನು ಸುತ್ತಿಗೆಯಿಂದ ಒಡೆದರು. ಸೋವಿಯತ್ ಮೌನಕ್ಕೆಲ್ಲ ಆ ಯಂತ್ರಗಳೇ ಕಾರಣ ಎಂಬ ಮಾತು ಹಬ್ಬಿತು. ಅದು ಅರ್ಧ ಸತ್ಯ: ಯಂತ್ರಗಳು ಬರುವ ಮುಂಚೆಯೇ, 1970ರ ದಶಕದ ಕೊನೆಗೆ, ಸೋವಿಯತ್ ದೋಣಿಗಳ ಸದ್ದು ತಗ್ಗತೊಡಗಿತ್ತು. ತಮ್ಮ ದೋಣಿಗಳು ಎಷ್ಟು ಗದ್ದಲ ಮಾಡುತ್ತಿವೆ ಎಂಬುದು 1968ರ ಹೊತ್ತಿಗೆ ಬೇಹುಗಾರನಾದ ಅಮೆರಿಕದ ನೌಕಾ ಸಿಬ್ಬಂದಿ ಜಾನ್ ವಾಕರ್‌ನಿಂದ ಸೋವಿಯತ್ ನೌಕಾಪಡೆಗೆ ತಿಳಿದಿತ್ತು. ಎದುರಾಳಿ ಮುಂದುವರಿದರೆ ಅದು ಕದ್ದ ಯಂತ್ರದಿಂದಲೇ ಎಂದುಕೊಳ್ಳುವುದು, ಅವನ ಸ್ವಂತ ಎಂಜಿನಿಯರುಗಳ ಶ್ರಮವನ್ನು ಲೆಕ್ಕದಿಂದ ಬಿಡುವ ಇನ್ನೊಂದು ದಾರಿ.

ವರ್ಕ್‌ಶಾಪಿನ ಇನ್ನೊಂದು ತಿಳಿವಳಿಕೆಯೂ ಇಲ್ಲಿ ಬೇಕಾಗುತ್ತದೆ. ಡ್ರಾಯಿಂಗ್ ಬೇರೆ, ಮೊದಲ ಪೀಸು ಬೇರೆ, ನೂರನೆಯ ಪೀಸು ಬೇರೆ. ಮೊದಲ ಪೀಸನ್ನು ಅನುಭವಿ ಕೈ ಜತನದಿಂದ ಮಾಡಿ ಇನ್‌ಸ್ಪೆಕ್ಷನ್ ಪಾಸು ಮಾಡಿಸಬಹುದು. ಅದೇ ಅಳತೆಯನ್ನು ನೂರು ಜಾಬ್‌ಗಳಲ್ಲಿ, ಮೂರು ಪಾಳಿಗಳಲ್ಲಿ ಉಳಿಸಿಕೊಳ್ಳುವುದು ಕಾರ್ಖಾನೆಯ ನಿಜವಾದ ಸಾಮರ್ಥ್ಯ. ಮೆರವಣಿಗೆಯಲ್ಲಿ ತೋರಿಸಿದ ಟಾರ್ಪೆಡೊ ಮೊದಲ ಪೀಸು.

ಭಾರತದ ಮಟ್ಟಿಗೆ ಈ ವಿಷಯದ ಅತ್ಯಂತ ನೋವಿನ ಪಾಠ ಐಎನ್‌ಎಸ್ ಖುಕ್ರಿ. ಪಾಕಿಸ್ತಾನ 1960ರ ದಶಕದ ಕೊನೆಗೆ ಫ್ರಾನ್ಸಿನಿಂದ ಡಾಫ್ನೆ ವರ್ಗದ ಮೂರು ಜಲಾಂತರ್ಗಾಮಿಗಳನ್ನು ಕೊಂಡಿತು: ಹಂಗೋರ್, ಶುಶುಕ್, ಮಂಗ್ರೊ. ಹಂಗೋರ್ ಎಂಬುದು ಶಾರ್ಕ್ ಮೀನಿಗೆ ಬಂಗಾಳಿಯಲ್ಲಿರುವ ಹೆಸರು. ಪೂರ್ವ ಬಂಗಾಳ ಪಾಕಿಸ್ತಾನದ ಭಾಗವಾಗಿದ್ದ ಕಾಲ ಅದು. 1971ರ ಡಿಸೆಂಬರ್ ಮೊದಲ ವಾರದಲ್ಲಿ ದಿಯು ಬಳಿ ಜಲಾಂತರ್ಗಾಮಿಯ ಸುಳಿವು ಸಿಕ್ಕಾಗ, ಅದನ್ನು ಬೇಟೆಯಾಡಲು ಖುಕ್ರಿ ಮತ್ತು ಕಿರ್ಪಾಣ್ ಎಂಬ ಬ್ರಿಟನ್ನಿನಲ್ಲಿ ಕಟ್ಟಿದ ಫ್ರಿಗೇಟುಗಳು ಹೊರಟವು. ಅವುಗಳ ಸೋನಾರ್ ಹಳೆಯ ಪೀಳಿಗೆಯದು. ಡಾಫ್ನೆಯ ಕಿವಿಗಳು ಅವುಗಳಿಗಿಂತ ದೂರದ್ದನ್ನು ಕೇಳುತ್ತಿದ್ದವು ಎಂಬುದು ಗೊತ್ತಿಲ್ಲದ ಸಂಗತಿಯೇನಲ್ಲ. ಸೋನಾರಿನ ಕೇಳ್ಮೆಯನ್ನು ಹೆಚ್ಚಿಸುವ ಹೊಸ ಸಲಕರಣೆಯನ್ನು ಲೆಫ್ಟಿನೆಂಟ್ ವಿ.ಕೆ. ಜೈನ್ ಎಂಬ ಯುವ ಅಧಿಕಾರಿ ಖುಕ್ರಿಯ ಮೇಲೆ ಪ್ರಯೋಗಿಸುತ್ತಿದ್ದರು. ಅದಕ್ಕಾಗಿ ಹಡಗು ವೇಗ ತಗ್ಗಿಸಿ ಸಾಗುತ್ತಿತ್ತು. ಡಿಸೆಂಬರ್ 9ರ ರಾತ್ರಿ ಹಂಗೋರ್ ಹಾರಿಸಿದ ಮೊದಲ ಟಾರ್ಪೆಡೊ ಕಿರ್ಪಾಣ್ ಕೆಳಗೆ ಹಾದು ಸಿಡಿಯದೆ ಹೋಯಿತು. ಎರಡನೆಯದು ಖುಕ್ರಿಗೆ ಬಡಿಯಿತು. ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಜೈನ್ ಅವರೂ, ಹಡಗನ್ನು ಬಿಡದೆ ನಿಂತ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಆ ಪಟ್ಟಿಯಲ್ಲಿದ್ದಾರೆ. ಎರಡನೆಯ ಮಹಾಯುದ್ಧದ ನಂತರ ಜಲಾಂತರ್ಗಾಮಿಯೊಂದು ಯುದ್ಧನೌಕೆಯನ್ನು ಮುಳುಗಿಸಿದ್ದು ಅದೇ ಮೊದಲು. ಈ ಘಟನೆಯನ್ನು ನೆನೆಯುವಾಗ ಮೊದಲ ಟಾರ್ಪೆಡೊ ಸಿಡಿಯಲಿಲ್ಲ ಎಂಬ ವಿವರವನ್ನು ಬಿಡಬಾರದು, ಎರಡನೆಯದು ಸಿಡಿಯಿತು ಎಂಬುದನ್ನೂ. ಎದುರಾಳಿಯ ಅಸ್ತ್ರದಲ್ಲಿ ದೋಷವಿದೆ ಎಂಬ ಮಾತು ಆ ರಾತ್ರಿ ಅರ್ಧ ನಿಜವಾಗಿತ್ತು. ಉಳಿದ ಅರ್ಧದಲ್ಲಿ 194 ಜೀವಗಳು ಹೋದವು.

ಪಾಕಿಸ್ತಾನದ ಆ ಮೂರು ಜಲಾಂತರ್ಗಾಮಿಗಳ ಹೆಸರುಗಳು ಈಗ ಮರಳಿ ಬಂದಿವೆ. 2015ರಲ್ಲಿ ಪಾಕಿಸ್ತಾನ ಚೀನಾದಿಂದ ಎಂಟು ಜಲಾಂತರ್ಗಾಮಿಗಳಿಗೆ ಒಪ್ಪಂದ ಮಾಡಿಕೊಂಡಿತು. ನಾಲ್ಕು ಚೀನಾದ ವುಹಾನಿನಲ್ಲಿ, ನಾಲ್ಕು ಕರಾಚಿಯಲ್ಲಿ. ಮೊದಲನೆಯದಾದ ಹೊಸ ಹಂಗೋರ್ 2024ರ ಏಪ್ರಿಲ್ 26ರಂದು ನೀರಿಗಿಳಿಯಿತು. 2025ರಲ್ಲಿ ಶುಶುಕ್, ಮಂಗ್ರೊ ಹಿಂಬಾಲಿಸಿದವು. ಸುಮಾರು 76 ಮೀಟರ್ ಉದ್ದ, 2,800 ಟನ್ ತೂಕದ ಈ ದೋಣಿಗಳಲ್ಲಿ ಹೊರಗಿನ ಗಾಳಿ ಬೇಡದ ಸ್ಟರ್ಲಿಂಗ್ ಎಂಜಿನ್ ಇರುತ್ತದೆ. ಸಾಮಾನ್ಯ ಡೀಸೆಲ್ ಜಲಾಂತರ್ಗಾಮಿ ಬ್ಯಾಟರಿ ತುಂಬಿಸಿಕೊಳ್ಳಲು ಕೆಲವು ದಿನಗಳಿಗೊಮ್ಮೆ ಮೇಲಕ್ಕೆ ಬಂದು ಉಸಿರುಕೊಳವೆ ಚಾಚಲೇಬೇಕು, ಸಿಕ್ಕಿಬೀಳುವುದು ಆಗಲೇ. ಈ ಎಂಜಿನ್ ಇದ್ದರೆ ನಿಧಾನವಾಗಿ ಚಲಿಸುತ್ತ ಎರಡು ವಾರದ ತನಕ ಕೆಳಗೇ ಇರಬಹುದು. ಸ್ವೀಡನ್ನಿನ ‘ಗಾಟ್‌ಲಂಡ್’ ಈ ಎಂಜಿನ್ನಿನಿಂದ ಏನು ಸಾಧ್ಯ ಎಂದು ಎರಡು ದಶಕದ ಹಿಂದೆಯೇ ತೋರಿಸಿತ್ತು: 2005ರಿಂದ ಅಮೆರಿಕದ ಜತೆ ಸಮರಾಭ್ಯಾಸಕ್ಕಿಳಿದು, ವಿಮಾನವಾಹಕ ನೌಕೆಯ ಕಾವಲನ್ನು ಭೇದಿಸಿ ಒಳನುಗ್ಗಿತ್ತು.

ಈ ದೋಣಿಗಳ ಬಗ್ಗೆ ಭಾರತದಲ್ಲಿ ಕೇಳಿಬರುವ ಸಂದೇಹಗಳಲ್ಲಿ ಗಟ್ಟಿಯಾದುದು ಡೀಸೆಲ್ ಎಂಜಿನ್ನಿನದು. ಇದೇ ಕುಟುಂಬದ ಜಲಾಂತರ್ಗಾಮಿಯನ್ನು 2017ರಲ್ಲಿ ಥಾಯ್ಲೆಂಡ್ ಕೊಳ್ಳಲು ಒಪ್ಪಿದಾಗ, ಜರ್ಮನಿಯ ಎಂಟಿಯು ಎಂಜಿನ್ ಬರುತ್ತದೆಂದು ಮಾತಾಗಿತ್ತು. ಚೀನಾಕ್ಕೆ ಶಸ್ತ್ರ ಮಾರಬಾರದೆಂಬ, 1989ರ ನಂತರದ ಯುರೋಪಿನ ನಿಷೇಧವನ್ನು ಮುಂದಿಟ್ಟು ಜರ್ಮನಿ ಕೊಡಲಿಲ್ಲ. ಚೀನಾ ತನ್ನದೇ ‘ಸಿಎಚ್‌ಡಿ 620’ ಎಂಜಿನ್ ಮುಂದಿಟ್ಟಿತು. ಥಾಯ್ಲೆಂಡ್ ಅದನ್ನು ಒಪ್ಪಲು ವರ್ಷಗಟ್ಟಲೆ ಹಿಂಜರಿದು 2025ರಲ್ಲಿ ಒಪ್ಪಿತು. ಪಾಕಿಸ್ತಾನ ಮೊದಲೇ ಒಪ್ಪಿತ್ತು. ಆ ಎಂಜಿನ್ನಿನ ಕಂಪನ ಎಷ್ಟು, ಎಷ್ಟು ಗಂಟೆಗೊಮ್ಮೆ ರಿಪೇರಿ ಕೇಳುತ್ತದೆ, ಉಸಿರುಕೊಳವೆ ಚಾಚಿದಾಗ ಎಷ್ಟು ದೂರಕ್ಕೆ ಕೇಳಿಸುತ್ತದೆ ಎಂಬಿವೇ ತೂಕದ ಪ್ರಶ್ನೆಗಳು. ಚೀನಾದ ಮಾಲು ಬಾಳಿಕೆ ಬರುವುದಿಲ್ಲ ಎಂಬ ಅಂಗಡಿಬೀದಿಯ ಮಾತು ಪ್ರಶ್ನೆಯೇ ಅಲ್ಲ. 2024ರಲ್ಲಿ ವುಹಾನಿನ ಕಟ್ಟೆಯಲ್ಲಿ ಚೀನಾದ ಹೊಸ ಪರಮಾಣು ಜಲಾಂತರ್ಗಾಮಿಯೊಂದು ನಿಂತಲ್ಲೇ ಮುಳುಗಿತು ಎಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಕ್ರೇನುಗಳು ಸುತ್ತುವರಿದ ಉಪಗ್ರಹ ಚಿತ್ರಗಳನ್ನು ತಜ್ಞರು ಅದಕ್ಕೂ ಮುಂಚೆ ಗುರುತಿಸಿದ್ದರು. ಆ ಸುದ್ದಿ ಭಾರತದಲ್ಲಿ ಕೆಲವರಿಗೆ ಸಂತೋಷ ತಂದಿತು. ಆದರೆ 2013ರ ಆಗಸ್ಟ್ 14ರಂದು ಮುಂಬಯಿಯ ಕಟ್ಟೆಯಲ್ಲೇ ಐಎನ್‌ಎಸ್ ಸಿಂಧುರಕ್ಷಕ್ ಸ್ಫೋಟಗೊಂಡು ಮುಳುಗಿ 18 ಮಂದಿ ಸತ್ತರು. ಅದನ್ನು ನೋಡಿ ಭಾರತಕ್ಕೆ ಜಲಾಂತರ್ಗಾಮಿ ನಡೆಸಲು ಬರುವುದಿಲ್ಲ ಎಂದು ಯಾರಾದರೂ ತೀರ್ಮಾನಿಸಿದ್ದರೆ ಅವರ ತೀರ್ಮಾನ ತಪ್ಪಾಗುತ್ತಿತ್ತು.

ಎದುರಾಳಿಗೆ ಹಾಕುವ ಪ್ರಶ್ನೆಗಳನ್ನು ತನಗೂ ಹಾಕಿಕೊಂಡಾಗಲೇ ಸಂದೇಹ ಪೂರ್ಣವಾಗುವುದು. ಐಎನ್‌ಎಸ್ ಕಲ್ವರಿ 2017ರ ಡಿಸೆಂಬರ್ 14ರಂದು ಸೇವೆಗೆ ಬಂದಾಗ ಜಲಾಂತರ್ಗಾಮಿ ಹೊಸದು, ಟಾರ್ಪೆಡೊ ಹಳೆಯದು. ಅದಕ್ಕೆಂದು ಆರಿಸಿದ್ದ ಇಟಲಿಯ ‘ಬ್ಲ್ಯಾಕ್ ಶಾರ್ಕ್’ ಖರೀದಿ ರದ್ದಾಗಿದ್ದರಿಂದ, ಜರ್ಮನಿಯಿಂದ ಬಹಳ ಹಿಂದೆ ಬಂದಿದ್ದ ‘ಸುಟ್’ ಟಾರ್ಪೆಡೊಗಳನ್ನೇ ಬಳಸಬೇಕಾಯಿತು. ಹೊಸ ಟಾರ್ಪೆಡೊ ಅಳವಡಿಸಲು ಫ್ರಾನ್ಸಿನ ನೇವಲ್ ಗ್ರೂಪ್ ಜತೆ, ಡಿಆರ್‌ಡಿಒ ರೂಪಿಸಿದ ಗಾಳಿರಹಿತ ಚಾಲನಾ ವ್ಯವಸ್ಥೆಯನ್ನು ಜೋಡಿಸಲು ಮಜಗಾಂವ್ ಡಾಕ್ ಜತೆ ಒಪ್ಪಂದಗಳಾದದ್ದು 2024ರ ಡಿಸೆಂಬರಿನಲ್ಲಿ. ಮತ್ತೊಂದು ಕಡೆ ಲೆಕ್ಕಕ್ಕಿಡಬೇಕಾದ ಸಾಧನೆಯೂ ಇದೆ: 2023ರ ಜೂನ್ 6ರಂದು ದೇಶದಲ್ಲೇ ತಯಾರಾದ ಭಾರಿ ಟಾರ್ಪೆಡೊ ನೀರಿನಡಿಯ ಗುರಿಯನ್ನು ಹೊಡೆಯಿತು ಎಂದು ನೌಕಾಪಡೆ ಪ್ರಕಟಿಸಿತು. ಅಮೆರಿಕದ ಶಸ್ತ್ರಾಸ್ತ್ರ ವಿಭಾಗ ಮಾರ್ಕ್ 14ಕ್ಕೆ ಮಾಡದೆ ಬಿಟ್ಟದ್ದು ಇಂಥ ಪರೀಕ್ಷೆಯನ್ನೇ.

ಕೇಳುವ ಕಿವಿಯ ಕೆಲಸದಲ್ಲಿ ಬೆಂಗಳೂರಿಗೆ ನೇರ ಪಾಲಿದೆ. ಕೊಚ್ಚಿಯ ನೌಕಾ ಭೌತ ಮತ್ತು ಸಾಗರ ಪ್ರಯೋಗಾಲಯ ರೂಪಿಸಿದ ಸೋನಾರುಗಳನ್ನು ತಯಾರಿಸುವುದು 1954ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಬಿಇಎಲ್. ಹಡಗುಗಳ ‘ಹಂಸ’, ಸಿಂಧುಘೋಷ್ ವರ್ಗದ ಜಲಾಂತರ್ಗಾಮಿಗಳ ‘ಉಷಸ್’ ಇದರಲ್ಲಿ ಸೇರಿವೆ. ಆ ಕಿವಿಗಳು ದುಡಿಯುವ ಕಡಲು ಕಾರವಾರದ ಮುಂದಿದೆ. 1986ರಲ್ಲಿ ರಾಜೀವ್ ಗಾಂಧಿ ಅವರು ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆ, ಹತ್ತಾರು ಹಳ್ಳಿಗಳ ಸಾವಿರಾರು ಕುಟುಂಬಗಳು ನೆಲ ಬಿಟ್ಟುಕೊಟ್ಟ ಮೇಲೆ, 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ನೌಕಾನೆಲೆಯಾಯಿತು. ಅರಬ್ಬಿ ಸಮುದ್ರಕ್ಕೆ ಹೊಸ ಹಂಗೋರ್ ಬಂದಾಗ ಅದರ ಗದ್ದಲವೆಷ್ಟು ಎಂಬ ಪ್ರಶ್ನೆಗೆ ಉತ್ತರ ಪ್ರಕಟಣೆಗಳಲ್ಲಿ ಸಿಗುವುದಿಲ್ಲ. ಯಾವ ತಿಂಗಳಲ್ಲಿ, ಎಷ್ಟು ಆಳದಲ್ಲಿ, ಯಾವ ಪದರದಡಿ ಎಷ್ಟು ದೂರದ ಶಬ್ದ ಕೇಳುತ್ತದೆ ಎಂಬ ಅಳತೆಗಳನ್ನು ಕೊಚ್ಚಿ ಪ್ರಯೋಗಾಲಯದ ಸಂಶೋಧನಾ ನೌಕೆ ಐಎನ್‌ಎಸ್ ಸಾಗರಧ್ವನಿ 1994ರಿಂದ ಕಲೆಹಾಕುತ್ತಿದೆ. ಅದು ನೀರಿಗಿಳಿಸುವ ಉಪಕರಣಗಳ ಎದುರಾಳಿ ಸದ್ಯಕ್ಕೆ ಯಾವ ದೇಶವೂ ಅಲ್ಲ; ಉಷ್ಣತೆ, ಉಪ್ಪು, ಆಳ ಮಾತ್ರ. ಶತ್ರುವಿನ ದೋಣಿಯ ಮೇಲಿನ ಅನುಮಾನ ತರ್ಕಶಾಸ್ತ್ರದ ಅನುಮಾನವಾಗುವುದು ಆ ಅಂಕಿಗಳ ಸಾಲಿನಲ್ಲಿ.